ಗಂಭೀರ ಕಾಯಿಲೆಯ ಮಕ್ಕಳ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋಗಲು ನಾನು ತಕ್ಕವಳೇ?

ತುಂಗಾತೀರ (ನೇಸ್, ಐರ್ಲೆಂಡ್)

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗದವಳು. ಆರು ವರ್ಷಗಳಿಂದ ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ನೇಸ್ ಪಟ್ಟಣದಲ್ಲಿದ್ದೇನೆ. ನಮ್ಮ ಮನೆಯಿಂದ ಕಾರಿನಲ್ಲಿ ಸುಮಾರು ಕಾಲು ಗಂಟೆ ಹೋದರೆ ಬ್ಯಾಲಿಮೋರ್ ಯೂಸ್ಟೇಸ್ ಎಂಬ ಹಳ್ಳಿ ಸಿಗುತ್ತದೆ; ಅದರ ಹತ್ತಿರವೇ ಬ್ಯಾರೆಟ್ಸ್‌ಟೌನ್ ಕೋಟೆ. ಕ್ಯಾನ್ಸರ್ ಮತ್ತು ರಕ್ತದ ಗಂಭೀರ ಕಾಯಿಲೆಗಳಿರುವ ಮಕ್ಕಳಿಗೂ ಅವರ ಮನೆಯವರಿಗೂ ಅಲ್ಲಿ ಉಚಿತವಾಗಿ ಶಿಬಿರಗಳು ನಡೆಯುತ್ತವೆ ಎಂಬುದು ಇಲ್ಲಿರುವ ಹಲವರಿಗೆ ಗೊತ್ತಿರಬಹುದು. ನನ್ನ ಸಹೋದ್ಯೋಗಿಯೊಬ್ಬರು ಕಳೆದ ಬೇಸಿಗೆಯಲ್ಲಿ ಅಲ್ಲಿ ಸ್ವಯಂಸೇವಕರಾಗಿ ಇದ್ದು ಬಂದ ಮೇಲೆ ನನಗೂ ಹೋಗಬೇಕೆಂಬ ಆಸೆ ಹುಟ್ಟಿದೆ. ಅರ್ಜಿಯ ಪುಟವನ್ನು ಮೂರು ಸಲ ತೆರೆದು, ಮೂರು ಸಲವೂ ಮುಚ್ಚಿದ್ದೇನೆ.

ಹಿಂಜರಿಕೆಗೆ ಕಾರಣವನ್ನು ಮುಚ್ಚಿಡುವುದಿಲ್ಲ. ನನ್ನ ತಮ್ಮನಿಗೆ ಎಂಟನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಬಂದಿತು. ಅಪ್ಪ ಅಮ್ಮ ಅವನನ್ನು ಕರೆದುಕೊಂಡು ಬೆಂಗಳೂರಿನ ಆಸ್ಪತ್ರೆಯಲ್ಲಿ ಉಳಿದರು. ನನ್ನನ್ನು ತೀರ್ಥಹಳ್ಳಿಯ ಅಜ್ಜಿಯ ಮನೆಯಲ್ಲಿ ಬಿಟ್ಟರು. ರಜೆಯಲ್ಲಿ ಹೋದಾಗ ವಾರ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಕವಡೆ ಇಲ್ಲದ ಕಾರಣ ಹುಣಸೆ ಬೀಜಗಳ ಒಂದು ಮಗ್ಗುಲನ್ನು ಬಿಳಿಯಾಗುವವರೆಗೆ ತೇಯ್ದು ನಾವಿಬ್ಬರೂ ಆಡುತ್ತಿದ್ದೆವು. ಅವನು 1997ರಲ್ಲಿ ತೀರಿಕೊಂಡ. ಆಗ ಅವನಿಗೆ ಹತ್ತು ವರ್ಷ, ನನಗೆ ಹನ್ನೆರಡು. ಅವನ ಕೊನೆಯ ತಿಂಗಳುಗಳಲ್ಲಿ ನಾನು ಹತ್ತಿರ ಇರಲಿಲ್ಲ, ಮತ್ತು ಆ ಬಗ್ಗೆ ಮನೆಯಲ್ಲಿ ಇಂದಿಗೂ ಯಾರೂ ಮಾತನಾಡುವುದಿಲ್ಲ.

ಆದ್ದರಿಂದ ಅನುಭವವಿದ್ದವರನ್ನು ಕೇಳುತ್ತಿದ್ದೇನೆ. ಮಕ್ಕಳ ಎದುರಿಗೆ ನನಗೆ ಅಳು ಬಂದರೆ ಅದು ಅವರಿಗೆ ಅನ್ಯಾಯವಲ್ಲವೇ? ಅವರ ಜೊತೆ ಏನು ಮಾತನಾಡಬೇಕು? ನಮ್ಮ ಕಡೆ ಇಂಥ ಮಗುವನ್ನು ಕಂಡ ಕೂಡಲೇ ಬಾಯಿಗೆ ಬರುವ ಮೊದಲ ಮಾತು ‘ಅಯ್ಯೋ, ಪಾಪ’ ಎಂಬುದು. ಅದನ್ನು ಬಿಟ್ಟು ಬೇರೆ ಭಾಷೆ ನನಗೆ ಬರುವುದೋ ಇಲ್ಲವೋ ಎಂಬುದೇ ನನ್ನ ಭಯ. ನನ್ನ ದುಃಖವನ್ನು ಕಳೆದುಕೊಳ್ಳುವುದಕ್ಕಾಗಿ ನಾನು ಬೇರೆಯವರ ಮಕ್ಕಳ ಬಳಿಗೆ ಹೋಗುತ್ತಿದ್ದೇನೆಯೇ ಎಂಬ ಸಂಶಯವೂ ಇದೆ. ಅರ್ಜಿ, ಪೊಲೀಸ್ ಪರಿಶೀಲನೆ ಮುಂತಾದವುಗಳಿಗೆ ಎಷ್ಟು ಸಮಯ ಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಎರಡನೇ ಮಳೆಗಾಲ (ಡಬ್ಲಿನ್)

ತುಂಗಾತೀರ ಅವರಿಗೆ ನಮಸ್ಕಾರ. ನಾನು ಎಂಟು ವರ್ಷಗಳಿಂದ ವರ್ಷಕ್ಕೊಮ್ಮೆಯೋ ಎರಡು ಸಲವೋ ಅಲ್ಲಿಗೆ ಹೋಗುತ್ತಿದ್ದೇನೆ. ನೀವು ಕೇಳಿರುವ ಪ್ರಶ್ನೆಗಳು ಮೊದಲ ಸಲ ನನ್ನಲ್ಲೂ ಇದ್ದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸ್ಥಳದ ಹಿನ್ನೆಲೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿನ ಪದ್ಧತಿಗಳೆಲ್ಲ ಅದರಿಂದಲೇ ಬಂದಿವೆ. ಅಮೆರಿಕದ ನಟ ಪಾಲ್ ನ್ಯೂಮನ್ ಅವರು 1988ರಲ್ಲಿ ಕನೆಕ್ಟಿಕಟ್ ರಾಜ್ಯದ ಆ್ಯಶ್‌ಫರ್ಡ್‌ನಲ್ಲಿ ಗಂಭೀರ ಕಾಯಿಲೆಯ ಮಕ್ಕಳಿಗಾಗಿ ಒಂದು ಶಿಬಿರವನ್ನು ಆರಂಭಿಸಿದರು. ಆಸ್ಪತ್ರೆಯಲ್ಲಿ ರೋಗಿಯಾಗಿ ಮಾತ್ರ ಉಳಿದುಬಿಟ್ಟ ಮಗು ಕೆಲವು ದಿನವಾದರೂ ಗಲಾಟೆ ಮಾಡುವ, ಕೆಸರು ಮೆತ್ತಿಕೊಳ್ಳುವ ಮಗುವಾಗಿ ಇರಬೇಕು ಎಂಬುದು ಅವರ ಆಶಯವಾಗಿತ್ತು. ಅದೇ ಮಾದರಿಯಲ್ಲಿ 1994ರಲ್ಲಿ ಬ್ಯಾರೆಟ್ಸ್‌ಟೌನ್ ಶುರುವಾಯಿತು. ಈ ಕೋಟೆಯಲ್ಲಿ ಹಿಂದೆ ಸೌಂದರ್ಯವರ್ಧಕಗಳ ಉದ್ಯಮಿ ಎಲಿಜಬೆತ್ ಆರ್ಡನ್ ವಾಸವಾಗಿದ್ದರು. ಅನಂತರ ವೆಸ್ಟನ್ ಕುಟುಂಬದ ಕೈಗೆ ಬಂದು, ಆ ಕುಟುಂಬ 1977ರಲ್ಲಿ ಅದನ್ನು ಐರ್ಲೆಂಡ್ ಸರ್ಕಾರಕ್ಕೆ ಕೊಟ್ಟಿತು. ಕೋಟೆಯ ಕೆಂಪು ಬಾಗಿಲನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಅಲ್ಲಿ ಸ್ವಯಂಸೇವಕರನ್ನು ‘ಕಾರಾ’ ಎಂದು ಕರೆಯುತ್ತಾರೆ. ಐರಿಷ್ ಭಾಷೆಯಲ್ಲಿ ಗೆಳೆಯ ಅಥವಾ ಗೆಳತಿ ಎಂದು ಅದರ ಅರ್ಥ. ನರ್ಸ್ ಅಲ್ಲ, ಮೇಷ್ಟ್ರೂ ಅಲ್ಲ, ಉಪಕಾರ ಮಾಡಲು ಬಂದವರೂ ಅಲ್ಲ ಎಂಬುದು ಆ ಒಂದು ಪದದಲ್ಲೇ ಇದೆ.

ಈಗ ‘ಪಾಪ’ ಎಂಬ ಮಾತಿಗೆ ಬರುತ್ತೇನೆ. ಮೊದಲ ವರ್ಷ ನನ್ನ ಗುಂಪಿನಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಎತ್ತರದ ಕಂಬವನ್ನು ಹಗ್ಗ ಕಟ್ಟಿಕೊಂಡು ಹತ್ತುವ ಆಟದಲ್ಲಿ ಅವನು ಐದನೆಯ ಹಿಡಿಕೆಗೆ ಹೋಗಿ ನಿಂತುಬಿಟ್ಟ. ಅವನ ಹೆಲ್ಮೆಟ್ಟಿನ ಕೆಳಗೆ ಆಗತಾನೇ ಚಿಗುರುತ್ತಿದ್ದ ಕೂದಲು ಬೆವರಿನಿಂದ ಅಂಟಿಕೊಂಡಿತ್ತು, ಬಲಗಾಲು ಸಣ್ಣಗೆ ನಡುಗುತ್ತಿತ್ತು. ಕೆಳಗೆ ನಿಂತ ನನಗೆ ಎರಡು ಮಾತುಗಳು ಒಟ್ಟಿಗೇ ಬಾಯಿಗೆ ಬಂದವು: ‘ಪಾಪ, ಸಾಕು, ಇಳಿ ಕಂದಾ’ ಎಂಬುದು ಒಂದು, ‘ಇನ್ನು ಸ್ವಲ್ಪವೇ ಇದೆ, ಹತ್ತು’ ಎಂಬುದು ಇನ್ನೊಂದು. ಎರಡನ್ನೂ ಹೇಳಬಾರದೆಂದು ತರಬೇತಿಯಲ್ಲಿ ಕಲಿಸಿದ್ದರು. ಆ ಆಟದ ಉಸ್ತುವಾರಿ ನೋಡುತ್ತಿದ್ದವರು ‘ಎಲ್ಲಿಯವರೆಗೆ ಹೋಗಬೇಕು ಅಂತ ಅಂದುಕೊಂಡಿದ್ದೀಯ?’ ಎಂದಷ್ಟೇ ಕೇಳಿದರು. ಅವನು ಯೋಚಿಸಿ ‘ಆರು’ ಎಂದ. ಆರನೆಯ ಹಿಡಿಕೆಯನ್ನು ಕೈಯಿಂದ ಮುಟ್ಟಿ ಇಳಿದು ಬಂದ. ಮೇಲೆ ಇನ್ನೂ ಎಷ್ಟೋ ಹಿಡಿಕೆಗಳಿದ್ದವು. ಅವುಗಳ ಮಾತನ್ನು ಯಾರೂ ಎತ್ತಲಿಲ್ಲ. ಆ ರಾತ್ರಿ ಮಲಗುವ ಮುನ್ನ ಎಲ್ಲರೂ ಸುತ್ತ ಕುಳಿತು ದಿನದ ಬಗ್ಗೆ ಮಾತನಾಡುವ ಹೊತ್ತಿನಲ್ಲಿ ಅವನು ‘ನಾನು ಆರು ಅಂದೆ, ಆರು ಮುಟ್ಟಿದೆ’ ಎಂದು ಎರಡು ಸಲ ಹೇಳಿದ.

ಇದರ ಬೆಲೆ ನನಗೆ ಅರ್ಥವಾದದ್ದು ಅನಂತರ. ಎರಡು ವರ್ಷ ಆ ಹುಡುಗನ ದೇಹದ ವಿಷಯವನ್ನೆಲ್ಲ ಬೇರೆಯವರೇ ತೀರ್ಮಾನಿಸಿದ್ದರು: ಸೂಜಿ ಯಾವಾಗ, ಊಟ ಏನು, ಶಾಲೆಗೆ ಎಂದಿನಿಂದ ಎಂಬುದೆಲ್ಲವನ್ನೂ. ಇಲ್ಲಿ ‘ಆರು’ ಎಂದು ನಿರ್ಧರಿಸಿದ್ದು ಅವನು. ಸವಾಲನ್ನು ಮಗುವೇ ಆರಿಸಿಕೊಳ್ಳಬೇಕು, ಅದರಲ್ಲಿ ಗೆಲ್ಲಬೇಕು, ಆ ಗೆಲುವನ್ನು ನೆನೆಯಬೇಕು, ತನ್ನಿಂದ ಏನಾಗುತ್ತದೆ ಎಂಬುದನ್ನು ತಾನೇ ಕಂಡುಕೊಳ್ಳಬೇಕು ಎಂಬುದು ಈ ಶಿಬಿರಗಳ ಬೆನ್ನೆಲುಬು. ‘ಪಾಪ’ ಎಂಬ ಮಾತು ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ನಮ್ಮ ಅಜ್ಜಿಯರ ಬಾಯಲ್ಲಿ ಅದು ಅಂತಃಕರಣದ ಮಾತೇ ಆಗಿತ್ತು. ಆದರೆ ಅದನ್ನು ಕೇಳಿಸಿಕೊಂಡ ಮಗುವಿಗೆ ಆ ಕ್ಷಣದಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ಅದರ ಬದಲು ‘ಬಾ, ದೋಣಿ ಖಾಲಿ ಇದೆ’ ಎನ್ನಿ. ಮಾತು ಹುಡುಕಬೇಕಾಗಿಯೇ ಇಲ್ಲ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಬಿಲ್ವಿದ್ಯೆ, ದೋಣಿ, ಕುದುರೆ ಸವಾರಿ, ನಾಟಕ, ಬಣ್ಣದ ಕೆಲಸ ಎಂದು ದಿನ ತುಂಬಿರುತ್ತದೆ.

ಅಳುವಿನ ಬಗ್ಗೆ: ನಾನು ಮೊದಲ ಸಲ ಎರಡನೆಯ ದಿನವೇ ಅತ್ತೆ. ಸ್ವಯಂಸೇವಕರ ಕೋಣೆಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ. ಸ್ವಲ್ಪ ಹೊತ್ತು ಬೇಕೆಂದು ತಂಡದ ಮುಖ್ಯಸ್ಥರಿಗೆ ಹೇಳಿದರೆ ಬೇರೊಬ್ಬರು ಆ ಜಾಗಕ್ಕೆ ಬರುತ್ತಾರೆ. ಅದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಮಗುವಿನ ಎದುರು ಕಣ್ಣು ಒದ್ದೆಯಾದರೆ ಅನ್ಯಾಯವೇನೂ ಆಗುವುದಿಲ್ಲ. ಆದರೆ ಮಗುವೇ ನಿಮ್ಮನ್ನು ಸಮಾಧಾನ ಮಾಡುವ ಸ್ಥಿತಿ ಬರಬಾರದು. ಈ ಮಕ್ಕಳು ಅಮ್ಮನ ಮುಖ ನೋಡಿ ತಮ್ಮ ನೋವನ್ನು ಬಚ್ಚಿಡಲು ಕಲಿತಿರುತ್ತಾರೆ. ಅಲ್ಲಿಗೆ ಬಂದೂ ಇನ್ನೊಬ್ಬ ದೊಡ್ಡವರನ್ನು ಕಾಪಾಡುವ ಹೊರೆ ಅವರ ಮೇಲೆ ಬೀಳಬಾರದು.

ಅರ್ಜಿಯ ವಿಷಯ. ಮಕ್ಕಳೊಡನೆ ಕೆಲಸ ಮಾಡುವ ಯಾರಿಗೇ ಆದರೂ ಈ ದೇಶದ ಕಾನೂನಿನ ಪ್ರಕಾರ ಗಾರ್ಡಾ (ಇಲ್ಲಿನ ಪೊಲೀಸ್) ಪರಿಶೀಲನೆ ಕಡ್ಡಾಯ. ನೀವು ಹುಟ್ಟಿದಾಗಿನಿಂದ ಇಂದಿನವರೆಗೆ ವಾಸವಿದ್ದ ಎಲ್ಲ ವಿಳಾಸಗಳನ್ನೂ ಆನ್‌ಲೈನ್ ಫಾರಂನಲ್ಲಿ ತುಂಬಬೇಕು. ಶಿವಮೊಗ್ಗದ ಮನೆ, ಅಜ್ಜಿಯ ಮನೆ, ಹಾಸ್ಟೆಲ್, ಪಿಜಿ ಎಲ್ಲವನ್ನೂ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಭಾರತದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ಕೇಳಬಹುದು. ಅದಕ್ಕೆ ಹಲವು ವಾರ ಹಿಡಿದೀತು, ಆದ್ದರಿಂದ ಬೇಸಿಗೆಗೆ ಹೋಗುವ ಮನಸ್ಸಿದ್ದರೆ ಚಳಿಗಾಲದಲ್ಲೇ ಆರಂಭಿಸಿ. ನಿಮ್ಮನ್ನು ಬಲ್ಲವರ ಶಿಫಾರಸು ಬೇಕು, ಸಂದರ್ಶನವೂ ಇರುತ್ತದೆ. ಸಂದರ್ಶನದಲ್ಲಿ ತಮ್ಮನ ವಿಷಯವನ್ನು ನೀವಾಗಿಯೇ ಹೇಳಿ. ಅದಕ್ಕಾಗಿ ನಿಮ್ಮನ್ನು ಬೇಡವೆನ್ನುತ್ತಾರೆಂದು ನನಗೆ ಅನ್ನಿಸುವುದಿಲ್ಲ; ಎಲ್ಲಿ ಹಾಕಿದರೆ ನಿಮಗೂ ಮಕ್ಕಳಿಗೂ ಒಳ್ಳೆಯದು ಎಂಬುದನ್ನು ನೋಡಿ ಜಾಗ ಕೊಡುತ್ತಾರೆ. ಮೊದಲ ಸಲಕ್ಕೆ ಪೂರ್ತಿ ವಾರದ ಬೇಸಿಗೆ ಶಿಬಿರ ಬೇಡ, ವಾರಾಂತ್ಯದ ಕುಟುಂಬ ಶಿಬಿರ ಸಾಕು ಎಂಬುದು ನನ್ನ ಅಭಿಪ್ರಾಯ.

ಒಂದು ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ: ಬರುತ್ತೇನೆಂದು ಹೇಳಿದ ಮೇಲೆ ಬರಲೇಬೇಕು. ಕಡೆಯ ಗಳಿಗೆಯಲ್ಲಿ ಒಬ್ಬರು ತಪ್ಪಿಸಿದರೆ ಒಂದು ಮಗುವಿನ ಜೊತೆಗಾರರು ಕಡಿಮೆಯಾಗುತ್ತಾರೆ. ಜ್ವರ ನೆಗಡಿ ಬಂದರೆ ಅದು ಬೇರೆ ಮಾತು, ಆಗ ಬರಬಾರದು.

ಬೆಳ್ತಂಗಡಿ ನರ್ಸ್

ಮೇಲಿನ ಉತ್ತರದ ಕೊನೆಯ ವಾಕ್ಯದಿಂದಲೇ ಆರಂಭಿಸುತ್ತೇನೆ. ನಾನು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಶಿಬಿರದಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ವೈದ್ಯರು ಮತ್ತು ನರ್ಸ್‌ಗಳು ಇರುತ್ತಾರೆ, ಆದ್ದರಿಂದ ಔಷಧದ ಕೆಲಸ ನಿಮ್ಮದಲ್ಲ. ಆದರೆ ಕೆಲವು ಸಂಗತಿಗಳು ನಿಮಗೆ ತಿಳಿದಿದ್ದರೆ ನಮಗೆ ದೊಡ್ಡ ಸಹಾಯ.

ಕೀಮೋಥೆರಪಿಯಲ್ಲಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಅದು ತುರ್ತು ಸ್ಥಿತಿ. ರಕ್ತದ ಬಿಳಿಕಣಗಳು ಕಡಿಮೆಯಿದ್ದಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು. ಅದಕ್ಕಾಗಿಯೇ ಅಂಥ ಮಗುವಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರು ಮಾಡಲು ನಾವು ಓಡುತ್ತೇವೆ. ಮಗುವಿನ ಮೈ ಬಿಸಿಯೆನ್ನಿಸಿದರೆ, ಅಥವಾ ಇದ್ದಕ್ಕಿದ್ದಂತೆ ಮಂಕಾದರೆ, ‘ಆಟದ ದಣಿವಿರಬಹುದು, ನೋಡೋಣ’ ಎಂದು ಕಾಯಬೇಡಿ. ತಕ್ಷಣ ಹೇಳಿ.

ಚಿಕನ್‌ಪಾಕ್ಸ್ ಬಗ್ಗೆ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ನಮ್ಮೂರಿನಲ್ಲಿ ಸೀತಾಳೆ ಎನ್ನುತ್ತಾರೆ, ‘ಅಮ್ಮ ಬಂದಿದೆ’ ಎನ್ನುತ್ತಾರೆ. ಉಷ್ಣವಲಯದ ದೇಶಗಳಿಂದ ಬಂದವರಲ್ಲಿ ಚಿಕ್ಕಂದಿನಲ್ಲಿ ಅದು ಬಾರದೇ ಉಳಿದವರು ಇಲ್ಲಿನವರಿಗಿಂತ ಹೆಚ್ಚು. ನಿಮಗೆ ಬಂದಿತ್ತೋ ಇಲ್ಲವೋ ಎಂದು ಅಮ್ಮನನ್ನು ಕೇಳಿ; ಅವರಿಗೂ ನೆನಪಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲಿನಿಂದಲೇ ಅದು ಹರಡುತ್ತದೆ, ಮತ್ತು ಸೋಂಕು ತಗುಲಿದ ಮೇಲೆ ಮೂರು ವಾರದವರೆಗೂ ಹೊರಗೆ ಕಾಣಿಸದಿರಬಹುದು. ನಿಮ್ಮ ಮನೆಯ ಮಕ್ಕಳ ಶಾಲೆಯಲ್ಲಿ ಅದು ಬಂದಿದ್ದರೆ ಶಿಬಿರಕ್ಕೆ ಹೊರಡುವ ಮೊದಲೇ ತಿಳಿಸಿಬಿಡಿ.

ಪುಟ್ಟ ಮಕ್ಕಳನ್ನು ಕಂಕುಳಿಗೆ ಕೈ ಹಾಕಿ ಎತ್ತುವುದು ನಮ್ಮ ಅಭ್ಯಾಸ. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಪೋರ್ಟ್ (ರಕ್ತನಾಳಕ್ಕೆ ಔಷಧ ಕೊಡಲು ಅಳವಡಿಸುವ ಪುಟ್ಟ ಸಾಧನ) ಇರುವ ಮಗುವಿಗೆ ಅದು ನೋಯುತ್ತದೆ. ವಿನ್‌ಕ್ರಿಸ್ಟಿನ್ ಎಂಬ ಔಷಧದಿಂದ ಕೆಲವರ ಪಾದ ಜೋತುಬಿದ್ದು, ಸಮನೆಲದಲ್ಲೂ ಎಡವುತ್ತಾರೆ. ‘ನೋಡಿಕೊಂಡು ನಡೆ’ ಎಂದು ಗದರಬೇಡಿ. ಸ್ಟೆರಾಯ್ಡ್ ತೆಗೆದುಕೊಳ್ಳುವ ದಿನಗಳಲ್ಲಿ ಮುಖ ಊದಿಕೊಳ್ಳುತ್ತದೆ, ಹಸಿವು ತಡೆಯಲಾಗುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ನಮ್ಮ ವಾರ್ಡಿನಲ್ಲಿ ಬೆಳಗಿನ ಹತ್ತು ಗಂಟೆಗೆ ನಾಲ್ಕನೆಯ ಟೋಸ್ಟ್ ಕೇಳಿದ ಮಗು ಅದು ಬರುವಷ್ಟರಲ್ಲಿ ಅತ್ತು, ಬಂದ ಮೇಲೆ ಬೇಡವೆಂದು ತಳ್ಳಿದ್ದನ್ನು ನೋಡಿದ್ದೇನೆ. ಅದು ಹಟವಲ್ಲ, ಔಷಧ.

ಸಿಕಲ್ ಸೆಲ್ ಕಾಯಿಲೆಯ ಮಕ್ಕಳೂ ಶಿಬಿರಕ್ಕೆ ಬರಬಹುದು. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಈ ರೋಗ ನಮ್ಮಲ್ಲಿ ಮೈಸೂರು, ಚಾಮರಾಜನಗರ ಕಡೆಯ ಬುಡಕಟ್ಟು ಸಮುದಾಯಗಳಲ್ಲೂ ಇದೆ. ಅವರಿಗೆ ಚಳಿಯೂ ನೀರಡಿಕೆಯೂ ಶತ್ರುಗಳು, ನೋವು ಕೆರಳಿಸುತ್ತವೆ. ಇಲ್ಲಿನ ಜುಲೈ ತಿಂಗಳ ಗಾಳಿಯಲ್ಲೂ ಒದ್ದೆ ಬಟ್ಟೆಯಲ್ಲಿ ನಿಲ್ಲಲು ಬಿಡಬೇಡಿ, ನೀರಿನ ಬಾಟಲಿಯನ್ನು ನೆನಪಿಸುತ್ತಿರಿ.

ಮನೆಯಲ್ಲಿ ಮಾಡಿದ ತಿಂಡಿ, ಪ್ರಸಾದ, ಕುಂಕುಮ, ಮಂತ್ರಿಸಿದ ದಾರ ಯಾವುದನ್ನೂ ಒಯ್ಯಬೇಡಿ. ಪ್ರೀತಿಯಿಂದಲೇ ಒಯ್ಯುತ್ತೀರೆಂದು ಗೊತ್ತು. ಆದರೂ ಬೇಡ.

ಹಾಸನದ ಅಪ್ಪ (ಲೂಕನ್)

ಸಹೋದರಿ, ನಾನು ಆ ಶಿಬಿರದ ಇನ್ನೊಂದು ಬದಿಯವನು. ನನ್ನ ಮಗಳಿಗೆ ಐದು ವರ್ಷವಿದ್ದಾಗ ಲ್ಯುಕೇಮಿಯಾ ಎಂದು ಗೊತ್ತಾಯಿತು. ಚಿಕಿತ್ಸೆ ಎರಡು ವರ್ಷಕ್ಕೂ ಮೇಲೆ ನಡೆಯಿತು. ಈಗ ಚೆನ್ನಾಗಿದ್ದಾಳೆ. ಮಧ್ಯದಲ್ಲಿ ಒಂದು ವಾರಾಂತ್ಯ ನಾವು ನಾಲ್ವರೂ ಕುಟುಂಬ ಶಿಬಿರಕ್ಕೆ ಹೋಗಿದ್ದೆವು.

ಹೋಗುವುದಕ್ಕೆ ನನಗೆ ಮನಸ್ಸಿರಲಿಲ್ಲ. ಯಾರೋ ಕರುಣೆ ತೋರಿಸಿ ಕೊಟ್ಟದ್ದನ್ನು ತೆಗೆದುಕೊಳ್ಳುವುದು ನಮ್ಮ ಮನೆತನದ ಅಭ್ಯಾಸವಲ್ಲ ಎಂದು ಹೆಂಡತಿಯೊಡನೆ ವಾದ ಮಾಡಿದ್ದೆ. ಅಲ್ಲಿಗೆ ತಲುಪಿದ ಕೂಡಲೇ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ಬಂದು ಮಗಳ ಎದುರು ಮಂಡಿಯೂರಿ ಕುಳಿತು ಅವಳ ಬೂಟಿನ ಮೇಲಿದ್ದ ಚಿಟ್ಟೆಯ ಬಗ್ಗೆ ಕೇಳಿದಳು. ಎರಡು ನಿಮಿಷದಲ್ಲಿ ಇಬ್ಬರೂ ಕೈ ಹಿಡಿದು ಹೊರಟರು. ನಾನು ಔಷಧದ ಚೀಲ ಹಿಡಿದು ಹಿಂದೆಯೇ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಅವಳು ತಿರುಗಿ, ಚೀಲವನ್ನು ನರ್ಸ್ ಬಳಿ ಕೊಡಬಹುದೆಂದೂ, ಮಕ್ಕಳು ಕಾಣುವ ಹಾಗೆ ಆ ಬೆಂಚಿನ ಮೇಲೆ ಕುಳಿತುಕೊಳ್ಳಬಹುದೆಂದೂ ಹೇಳಿದಳು. ಕುಳಿತೆ. ಯಾರೋ ಕಾಫಿ ತಂದುಕೊಟ್ಟರು. ಹದಿನಾಲ್ಕು ತಿಂಗಳಲ್ಲಿ ನಾನು ಬಿಸಿ ಇರುವಾಗಲೇ ಮುಗಿಸಿದ ಮೊದಲ ಲೋಟ ಕಾಫಿ ಅದು. ನನ್ನ ಹೆಂಡತಿ ಕೋಣೆಗೆ ಹೋಗಿ ಹಗಲು ಹನ್ನೊಂದಕ್ಕೆ ಮಲಗಿದವಳು ಮೂರು ಗಂಟೆಯವರೆಗೆ ಏಳಲಿಲ್ಲ. ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ಮಗುವಿನ ಹಣೆ ಮುಟ್ಟಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ನನ್ನ ಮಗನ ಬಗ್ಗೆ. ಅವನಿಗೆ ಆಗ ಒಂಬತ್ತು ವರ್ಷ. ತಂಗಿಗೆ ಕಾಯಿಲೆಯಾದ ದಿನದಿಂದ ಅವನು ಎಲ್ಲದಕ್ಕೂ ‘ಪರವಾಗಿಲ್ಲ’ ಎನ್ನುತ್ತಿದ್ದ. ಶಾಲೆಯ ನಾಟಕಕ್ಕೆ ನಾವು ಹೋಗಲಿಲ್ಲ, ಪರವಾಗಿಲ್ಲ. ಹುಟ್ಟುಹಬ್ಬದ ದಿನ ನಾವಿಬ್ಬರೂ ಆಸ್ಪತ್ರೆಯಲ್ಲಿದ್ದೆವು, ಪರವಾಗಿಲ್ಲ. ಒಳ್ಳೆಯ ಹುಡುಗ, ಅರ್ಥಮಾಡಿಕೊಳ್ಳುತ್ತಾನೆ ಎಂದು ಊರಿಗೆ ಫೋನ್ ಮಾಡಿ ಹೇಳುತ್ತಿದ್ದೆವು. ಶಿಬಿರದಿಂದ ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅವನು ಒಂದು ಮಾತು ಹೇಳಿದ: ‘ಅಪ್ಪಾ, ಅವರು ನನ್ನ ಹೆಸರು ಕೇಳಿದರು. ತಂಗಿ ಹೇಗಿದ್ದಾಳೆ ಅಂತ ಕೇಳಲೇ ಇಲ್ಲ.’ ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಬೇಕಾಯಿತು.

ತೀರ್ಥಹಳ್ಳಿಯಲ್ಲಿ ಮನೆಯವರು ಬಿಟ್ಟುಹೋದ ಮಗು ನೀವು, ಸಹೋದರಿ. ಬೇರೆಯವರ ಮಕ್ಕಳ ಬಳಿಗೆ ನಿಮ್ಮ ದುಃಖವನ್ನು ಒಯ್ಯುತ್ತೀರೇ ಎಂದು ನೀವು ಕೇಳಿದ್ದೀರಿ. ಕುಟುಂಬ ಶಿಬಿರದಲ್ಲಿ ಎಲ್ಲರ ಕಣ್ಣೂ ಕಾಯಿಲೆಯ ಮಗುವಿನ ಕಡೆ ತಿರುಗುತ್ತದೆ. ಗೋಡೆಯ ಪಕ್ಕ ನಿಂತಿರುವ ಅಣ್ಣನನ್ನೋ ಅಕ್ಕನನ್ನೋ ಮೊದಲು ಗುರುತಿಸುವ ಕಣ್ಣು ನಿಮಗಿದೆ. ನನ್ನ ಮಗನಿಗೆ ಆ ದಿನ ಬೇಕಾಗಿದ್ದದ್ದು ಅಂಥವರು. ದಯವಿಟ್ಟು ಅರ್ಜಿ ಹಾಕಿ.

ತುಂಗಾತೀರ

ಮೂವರ ಉತ್ತರಗಳನ್ನೂ ನಿನ್ನೆ ರಾತ್ರಿ ಓದಿ, ಇವತ್ತು ಬೆಳಿಗ್ಗೆ ಇನ್ನೊಮ್ಮೆ ಓದಿದೆ. ಹಾಸನದ ಅಪ್ಪನವರೇ, ನಿಮ್ಮ ಮಗನ ಮಾತನ್ನು ನಾನು ಮರೆಯುವುದಿಲ್ಲ. ಆ ವರ್ಷಗಳಲ್ಲಿ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ, ಶಾಲೆಯಲ್ಲಿ, ಮದುವೆ ಮನೆಗಳಲ್ಲಿ ‘ತಮ್ಮ ಹೇಗಿದ್ದಾನೆ?’ ಎಂಬ ಪ್ರಶ್ನೆಯನ್ನು ಬಿಟ್ಟು ಬೇರೆ ಪ್ರಶ್ನೆಯನ್ನು ನನಗೆ ಯಾರೂ ಕೇಳಿದ ನೆನಪಿಲ್ಲ, ಮತ್ತು ಅದನ್ನು ಒಂದು ಕೊರತೆಯೆಂದು ಗುರುತಿಸಲು ನನಗೆ ಇಷ್ಟು ವರ್ಷ ಬೇಕಾಯಿತು.

ಚಿಕನ್‌ಪಾಕ್ಸ್ ಬಗ್ಗೆ ಅಮ್ಮನಿಗೆ ಫೋನ್ ಮಾಡಿದೆ. ನನಗೆ ಆರನೆಯ ವಯಸ್ಸಿನಲ್ಲಿ ಬಂದಿತ್ತಂತೆ, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರಂತೆ. ಯಾಕೆ ಕೇಳುತ್ತಿದ್ದೀಯ ಎಂದರು. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತಮ್ಮನಿಗೂ ಅದೇ ವಾರ ಬಂದಿತ್ತು, ಇಬ್ಬರನ್ನೂ ಒಂದೇ ಚಾಪೆಯಲ್ಲಿ ಮಲಗಿಸಿದ್ದೆ ಎಂದರು. ಅವನ ವಿಷಯವನ್ನು ಅಮ್ಮ ತಾವಾಗಿಯೇ ಎತ್ತಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಇನ್ನೊಂದು ಪ್ರಶ್ನೆ ಉಳಿದಿದೆ. ಮಗುವೇ ಸಾವಿನ ಮಾತು ಎತ್ತಿದರೆ ಏನು ಹೇಳಬೇಕು?

ಎರಡನೇ ಮಳೆಗಾಲ

ಎಂಟು ವರ್ಷಗಳಲ್ಲಿ ನನಗೆ ಎರಡು ಸಲ ಹಾಗಾಗಿದೆ. ಒಮ್ಮೆ ಹದಿಮೂರು ವರ್ಷದ ಹುಡುಗಿ, ಮೀನಿಗೆ ಗಾಳ ಹಾಕಿ ಕುಳಿತಿದ್ದಾಗ, ಹೋದ ವರ್ಷ ತನ್ನ ಜೊತೆ ಇಲ್ಲಿಗೆ ಬಂದಿದ್ದ ಗೆಳತಿ ಈಗ ಇಲ್ಲ ಎಂದಳು. ನಾನು ‘ಅವಳ ಬಗ್ಗೆ ಹೇಳು’ ಎಂದೆ, ಅಷ್ಟೇ. ಅವಳು ಗೆಳತಿ ಎಷ್ಟು ಜೋರಾಗಿ ಹಾಡುತ್ತಿದ್ದಳು, ಊಟದ ಮೇಜಿನ ಮೇಲೆ ಹೇಗೆ ತಾಳ ಹಾಕುತ್ತಿದ್ದಳು ಎಂದು ಹೇಳಿದಳು. ಅನಂತರ ಗಾಳದ ಹುಳು ಬದಲಿಸಿದೆವು. ಇನ್ನೊಮ್ಮೆ ಒಬ್ಬ ಹುಡುಗ ತನಗೂ ಹಾಗಾಗುತ್ತದೆಯೇ ಎಂದು ನೇರವಾಗಿ ಕೇಳಿದ. ‘ನಿನಗೆ ಏನೂ ಆಗುವುದಿಲ್ಲ’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆ ಭರವಸೆ ಕೊಡಲು ನನಗೆ ಅಧಿಕಾರವಿರಲಿಲ್ಲ. ‘ನನಗೆ ಗೊತ್ತಿಲ್ಲ. ನಿನಗೆ ಭಯವಾಗುತ್ತಿದೆಯೇ?’ ಎಂದು ಕೇಳಿದೆ. ಅವನು ಹೌದೆಂದ. ಅವನು ಹೇಳುವಷ್ಟನ್ನು ಕೇಳಿಸಿಕೊಂಡು, ಈ ವಿಷಯವನ್ನು ತಂಡದ ಮುಖ್ಯಸ್ಥರಿಗೆ ತಿಳಿಸುತ್ತೇನೆಂದು ಅವನಿಗೇ ಹೇಳಿ, ಆ ಸಂಜೆಯೇ ತಿಳಿಸಿದೆ. ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡಬೇಡಿ. ಮಗುವಿನೊಡನೆ ಇತರರ ಕಣ್ಣಿಗೆ ಬೀಳದಂತೆ ಒಬ್ಬರೇ ಇರಬಾರದು ಎಂಬ ನಿಯಮವೂ ಇದೆ, ಫೋಟೊ ತೆಗೆಯಬಾರದೆಂಬುದೂ ಇದೆ. ಅವುಗಳನ್ನು ತರಬೇತಿಯಲ್ಲಿ ವಿವರವಾಗಿ ಹೇಳುತ್ತಾರೆ.

ಜಯನಗರ ವಾಸಿ (ಬೆಂಗಳೂರು)

ಚರ್ಚೆಯನ್ನು ಓದುತ್ತಿದ್ದ ನನಗೆ ಫೋಟೊದ ಮಾತು ಬಂದಾಗ ಬರೆಯಲೇಬೇಕೆನ್ನಿಸಿತು. ಕೆಲವು ವರ್ಷಗಳ ಹಿಂದೆ ನಾನು ಇಲ್ಲಿ ಒಂದು ಗುಂಪಿನ ಜೊತೆ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಮಕ್ಕಳನ್ನು ಒಂದು ದಿನದ ಪ್ರವಾಸಕ್ಕೆ ಕರೆದೊಯ್ದಿದ್ದೆ. ರಾಯಚೂರು, ಕೊಪ್ಪಳ, ಬೀದರ್ ಕಡೆಯಿಂದ ಬಂದು ತಿಂಗಳುಗಟ್ಟಲೆ ಧರ್ಮಶಾಲೆಯಲ್ಲಿ ತಂಗಿದ್ದ ಕುಟುಂಬಗಳು ಅವು. ಹೊರಡುವ ಮೊದಲು ಉಡುಗೊರೆಯ ಚೀಲ ಹಿಡಿಸಿ, ಮಾಸ್ಕ್ ತೆಗೆಸಿ, ಸಾಲಾಗಿ ನಿಲ್ಲಿಸಿ ಮುಕ್ಕಾಲು ಗಂಟೆ ಫೋಟೊ ತೆಗೆದರು. ಬಿಸಿಲು ಏರಿತು, ಒಬ್ಬ ಪುಟ್ಟ ಹುಡುಗ ವಾಂತಿ ಮಾಡಿಕೊಂಡ, ಅವನ ತಾಯಿ ಸೆರಗಿನಲ್ಲಿ ಒರೆಸುತ್ತ ನಮ್ಮೆಲ್ಲರಲ್ಲಿ ಕ್ಷಮೆ ಕೇಳಿದರು. ಆ ತಾಯಿ ನಮ್ಮಲ್ಲಿ ಕ್ಷಮೆ ಕೇಳುವಂತೆ ಮಾಡಿದೆವಲ್ಲ ಎಂಬುದು ನನ್ನನ್ನು ಈಗಲೂ ಬಾಧಿಸುತ್ತದೆ.

ಮೇಲೆ ವಿವರಿಸಿರುವ ಪದ್ಧತಿಗೆ ಕೋಟೆಯಾಗಲಿ ಸರೋವರವಾಗಲಿ ಅನಿವಾರ್ಯವಲ್ಲ ಎಂದು ನನಗೆ ಅನ್ನಿಸುತ್ತದೆ. ಅನಂತರ ನಾವು ಐದಾರು ಜನ ಬೇರೆಯಾಗಿ, ವೈದ್ಯರ ಅನುಮತಿ ಪಡೆದು, ಧರ್ಮಶಾಲೆಯ ಅಂಗಳದಲ್ಲೇ ಭಾನುವಾರದ ಬೆಳಗಿನ ಹೊತ್ತು ಆಟ ಆಡಿಸಲು ಶುರು ಮಾಡಿದೆವು. ಏನು ಆಡಬೇಕೆಂದು ಮಕ್ಕಳೇ ಹೇಳುತ್ತಾರೆ. ನಮ್ಮಲ್ಲಿ ಇಬ್ಬರು ಮಕ್ಕಳ ತಾಯಂದಿರ ಜೊತೆ ಕುಳಿತಿರುತ್ತಾರೆ, ಬೇಕೆಂದವರಿಗೆ ಸ್ನಾನ ಮಾಡಿ ಮಲಗಲು ಬಿಡುವಾಗುತ್ತದೆ. ಬೆಂಗಳೂರಿನಲ್ಲಿ ಕರುಣಾಶ್ರಯದಂಥ ಸಂಸ್ಥೆ 1999ರಿಂದ ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆರೈಕೆಯ ಪರಂಪರೆ ನಮ್ಮಲ್ಲಿ ಇಲ್ಲವೆಂದಲ್ಲ. ಮಕ್ಕಳಿಗೆ ಮತ್ತು ಇಡೀ ಕುಟುಂಬಕ್ಕೆ ಎರಡು ದಿನ ರೋಗದಿಂದ ಬಿಡುವು ಕೊಡುವ ಜಾಗ ಊರೂರಿಗೂ ಬೇಕು. ತುಂಗಾತೀರ ಅವರೇ, ತರಬೇತಿ ಮುಗಿದ ಮೇಲೆ ಅಲ್ಲಿ ಕಲಿತದ್ದನ್ನು ನಮಗೆ ಕನ್ನಡದಲ್ಲಿ ಬರೆದು ತಿಳಿಸಿದರೆ ಇಲ್ಲಿ ಬಳಸಿಕೊಳ್ಳುತ್ತೇವೆ.

ತುಂಗಾತೀರ

ಖಂಡಿತ ಬರೆಯುತ್ತೇನೆ. ಅರ್ಜಿಯನ್ನು ಇಂದು ಮಧ್ಯಾಹ್ನ ಕಳುಹಿಸಿದೆ. ಕುಟುಂಬ ಶಿಬಿರ ಎಂದು ಗುರುತು ಹಾಕಿದ್ದೇನೆ. ಹುಟ್ಟಿದಾಗಿನಿಂದ ಇರುವ ವಿಳಾಸಗಳನ್ನು ಬರೆದಾಗ ಹನ್ನೊಂದಾದವು. ಬೆಂಗಳೂರಿನ ಆ ಆಸ್ಪತ್ರೆಯ ಎದುರಿನ ಬಾಡಿಗೆ ಕೋಣೆಯಲ್ಲಿ ಒಂದು ಬೇಸಿಗೆ ರಜೆ ಪೂರ್ತಿ ಇದ್ದೆ, ಅದನ್ನೂ ಸೇರಿಸಬೇಕೇ ಎಂದು ಅವರನ್ನೇ ಕೇಳಬೇಕು.

ಎರಡನೇ ಮಳೆಗಾಲ ಅವರಲ್ಲಿ ಒಂದು ಸಣ್ಣ ವಿಚಾರ: ಚೌಕಾಬಾರದ ಮನೆಯನ್ನೂ ಹುಣಸೆ ಬೀಜವನ್ನೂ ಶಿಬಿರಕ್ಕೆ ಒಯ್ಯಬಹುದೇ?

ಎರಡನೇ ಮಳೆಗಾಲ

ಮೊದಲು ಅವರನ್ನು ಕೇಳಿ, ಒಪ್ಪುವ ಸಾಧ್ಯತೆಯೇ ಹೆಚ್ಚು. ಬಟ್ಟೆಯ ಮನೆ ಬೇಡ. ಕಾಗದದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿದರೆ ಒರೆಸಿ ಶುಚಿ ಮಾಡಬಹುದು. ಹುಣಸೆ ಬೀಜದ ಬದಲು ದೊಡ್ಡ ಕವಡೆಗಳನ್ನು ಸೋಪಿನಲ್ಲಿ ತೊಳೆದು ತನ್ನಿ, ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಗಾತ್ರದ್ದಾಗಿರಬಾರದು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ ಎಂದು ಕೂಗಬೇಕೆಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಕೂಗುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ.